ರೈಟ್ರು ನಿಂತ ಕಡೆ

ಸುದ್ದಿ ಬಂದಾಗ ನಾನು ಅಂಗಡಿಯಲ್ಲಿ ಟಾರ್ಪಾಲು ಅಳೆಯುತ್ತಿದ್ದೆ. ಹಾನುಬಾಳಿನಲ್ಲಿ ಬಸ್ಸು ನಿಲ್ಲುವ ಕಡೆ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಕಾಫಿ ಹಣ್ಣು ಕಣದಲ್ಲಿ ಹರಡಿರುವ ಕಾಲಕ್ಕೆ ಸರಿಯಾಗಿ ಮೋಡ ಕಟ್ಟಿತ್ತು. ಟಾರ್ಪಾಲಿಗೆ ಜನ ಮುಗಿಬಿದ್ದಿದ್ದರು. ಹಳೆಯ ಟೀಮಿನ ಗೆಳೆಯ ಧರ್ಮ ಫೋನಿನಲ್ಲಿ, "ರೈಟ್ರು ಹೋಗ್ಬುಟ್ರಂತೆ ಕಣೋ. ಬೆಳಿಗ್ಗೆ ಎದ್ದೇ ಇಲ್ವಂತೆ," ಅಂದ. "ಹೌದಾ," ಅಂದೆ. ಫೋನು ಜೇಬಿಗಿಟ್ಟು ಅಳತೆ ಮುಗಿಸಿದೆ, ಕತ್ತರಿಸಿದೆ, ಮಡಚಿ ಹಗ್ಗ ಕಟ್ಟಿ ಗಿರಾಕಿಯ ಕೈಗೆ ಕೊಟ್ಟೆ. ಅವನು ಹೋದ ಮೇಲೆ ಒಂದು ಲೋಟ ನೀರು ಕುಡಿದು, ಒಳಗೆ ಏನಾದರೂ ಆಗುತ್ತದೇನೋ ಎಂದು ಕಾದೆ. ಏನೂ ಆಗಲಿಲ್ಲ. ಇನ್ನೊಬ್ಬ ಗಿರಾಕಿ ಬಂದ.

ಆಗಬೇಕಿತ್ತು. ಇಪ್ಪತ್ತೆರಡು ವರ್ಷ ನಮ್ಮ ಫುಟ್‌ಬಾಲ್ ಟೀಮನ್ನು ನಡೆಸಿದ ಆ ಮನುಷ್ಯನನ್ನು ಆ ಜಾಗದಿಂದ ಇಳಿಸಿದವನು ನಾನೇ. ಎದ್ದು ನಿಂತು, ಎಲ್ಲರೆದುರು ಮಾತಾಡಿ ಇಳಿಸಿದೆ. ಅದು ಸರಿಯಾದ ಕೆಲಸ ಎಂದು ಆರು ವರ್ಷದಿಂದ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದಿದ್ದೇನೆ. ಅಂಥವನಿಗೆ ಒಂದೋ ದುಃಖವಾಗಬೇಕು, ಇಲ್ಲವೇ ಒಂದು ಥರದ ಹಗುರವಾದರೂ ಆಗಬೇಕು. ನನಗೆ ಆ ದಿನ ಮಧ್ಯಾಹ್ನ ಹಸಿವಾಯಿತು, ಅಷ್ಟೆ.

ಅವರಿಗೆ ಹೆಸರಿರಲಿಲ್ಲವೆಂದಲ್ಲ. ಯಾರೂ ಅದನ್ನು ಬಳಸುತ್ತಿರಲಿಲ್ಲ. ಹೆಗ್ಗದ್ದೆ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದು, ಯಾರು ತೋಟದ ಯಾವ ಪಟ್ಟೆಗೆ ಹೋಗಬೇಕೆಂದು ಹೇಳಿ ಕಳಿಸುವುದು, ಸಂಜೆ ಹಣ್ಣು ಅಳೆಸುವುದು. ಟೀಮಿಗೆ ಅವರೇ ಮ್ಯಾನೇಜರ್. ಆದರೆ ಎಸ್ಟೇಟಿನಲ್ಲಿ ಮ್ಯಾನೇಜರ್ ಎಂದರೆ ಬಂಗಲೆಯಲ್ಲಿರುವವರು, ಹಾಗಾಗಿ ಗ್ರೌಂಡಿನಲ್ಲೂ ಅವರು ರೈಟ್ರೇ. ಕುಳ್ಳಗೆ, ತೆಳ್ಳಗೆ, ಅರ್ಧ ತೋಳಿನ ಖಾಕಿ ಅಂಗಿ. ಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಗಡೆಗೆ ತಿರುಗಿಸಿ ಕಟ್ಟುತ್ತಿದ್ದರು, ಗಾಜಿಗೆ ಏಟು ಬೀಳಬಾರದು ಅಂತ. ಒಮ್ಮೆಯೂ ಬಾಲನ್ನು ಒದ್ದಿದ್ದನ್ನು ನಾನು ಕಂಡಿಲ್ಲ. ಹತ್ತಿರ ಉರುಳಿ ಬಂದರೆ ಬಗ್ಗಿ, ಎರಡೂ ಕೈಯಲ್ಲಿ ಎತ್ತಿ, ಒರೆಸಿ ಕೊಡುತ್ತಿದ್ದರು.

ನಮ್ಮ ಗ್ರೌಂಡು ನೋಡದವರಿಗೆ ರೈಟ್ರು ಅರ್ಥವಾಗುವುದಿಲ್ಲ. ಗುಡ್ಡವನ್ನು ಕಡಿದು ಮಟ್ಟ ಮಾಡಿದ ಜಾಗ ಅದು. ಉದ್ದಕ್ಕೂ ಒಂದು ಪಕ್ಕ ಗೋಡೆಯ ಹಾಗೆ ನಿಂತ ಧರೆ, ಇನ್ನೊಂದು ಪಕ್ಕ ಕಣಿವೆ. ಧರೆಯ ಕಡೆ ಹೊಡೆದ ಬಾಲು ಬಡಿದು ವಾಪಸ್ ಬರುತ್ತದೆ. ಕಣಿವೆಯ ಕಡೆ ಹೊಡೆದದ್ದು ಕಾಫಿ ಗಿಡಗಳ ನಡುವೆ ಉರುಳುತ್ತ ಹಳ್ಳದವರೆಗೂ ಹೋಗುತ್ತದೆ. ಹುಡುಕಲು ಹೋದವರು ಜಿಗಣೆ ಕಚ್ಚಿಸಿಕೊಂಡು ಅರ್ಧ ಗಂಟೆ ಬಿಟ್ಟು ಹತ್ತಿ ಬರುತ್ತಿದ್ದರು. ನಾನು ಸೇರುವ ಮೊದಲು ಒಬ್ಬ ಬಾಲಿನ ಹಿಂದೆಯೇ ಜಾರಿ ಹೋಗಿ ಸೊಂಟ ಮುರಿದುಕೊಂಡಿದ್ದನಂತೆ. ಅವತ್ತೇ ರೈಟ್ರು ಕಾಯಿದೆ ಮಾಡಿದ್ದು: ಕಣಿವೆ ಕಡೆ ಆಟ ಇಲ್ಲ. ಏನಿದ್ದರೂ ಧರೆಯ ಪಕ್ಕದಲ್ಲೇ. ಅವರು ನಿಲ್ಲುತ್ತಿದ್ದುದೂ ಧರೆಯ ಬುಡದಲ್ಲೇ. ಮೊದಲರ್ಧದಲ್ಲಿ ಅದು ನಮಗೆ ಎಡಗಡೆಯಾದರೆ ಎರಡನೇ ಅರ್ಧದಲ್ಲಿ ಬಲಗಡೆ. ಎಡ ಬಲ ನಾವು ಕಲಿಯಲೇ ಇಲ್ಲ. ರೈಟ್ರ ಕಡೆ, ಕಣಿವೆ ಕಡೆ, ಇಷ್ಟೇ ನಮ್ಮ ಫುಟ್‌ಬಾಲು.

ತಮಾಷೆಯೆಂದರೆ ಬೇರೆ ಊರಿಗೆ ಆಡಲು ಹೋದಾಗಲೂ ಹಾಗೇ. ಆಲೂರು ತಾಲ್ಲೂಕಿನ ಕುಂದೂರಿನ ಕಡೆ ಒಮ್ಮೆ ಆಡಿದೆವು. ಸುತ್ತ ರಾಗಿ ಹೊಲ, ಅಂಗೈಯಂಥ ಮಟ್ಟದ ಗ್ರೌಂಡು, ಕಣಿವೆಯ ಸುಳಿವೇ ಇಲ್ಲ. ರೈಟ್ರು ಹೋಗಿ ಒಂದು ಪಕ್ಕದಲ್ಲಿ ನಿಂತರು. ನಿಂತ ಕೂಡಲೇ ಆ ಪಕ್ಕ ನಮಗೆ ಧರೆಯಾಯಿತು, ಎದುರಿನ ಪಕ್ಕ ಕಣಿವೆಯಾಯಿತು. ಹತ್ತು ಜನರೂ ಅವರ ಮುಂದೆಯೇ ಗುಂಪು ಕಟ್ಟಿಕೊಂಡು ಆಡಿದೆವು. ಆ ಊರಿನ ಒಬ್ಬ ಮುದುಕ ಬೇಲಿಯ ಮೇಲೆ ಕೂತವನು, "ಯಾಕ್ಲಾ ಹುಡುಗ್ರಾ, ಆ ಕಡೆ ಏನ್ ದೆವ್ವ ಐತಾ?" ಎಂದು ಕೂಗಿದ. ನಮಗೆ ನಗು ಬಂತು. ಆದರೂ ಆ ಕಡೆ ಯಾರೂ ಹೋಗಲಿಲ್ಲ.

ಕೊಡೆಯ ಮಾತು ಹೇಳಬೇಕು. ಮರದ ಹಿಡಿಯ, ದೊಡ್ಡ ಕಪ್ಪು ಕೊಡೆ. ಆಟ ಶುರುವಾದಾಗ ಮಡಚಿ ಕಂಕುಳಲ್ಲಿ ಇಟ್ಟುಕೊಂಡಿರುತ್ತಿದ್ದರು. ನಾವು ಒಂದು ಗೋಲು ಹೊಡೆದ ಮರುಕ್ಷಣ ಅದನ್ನು ಬಿಚ್ಚುತ್ತಿದ್ದರು. ಕೊಡೆ ಬಿಚ್ಚಿತೆಂದರೆ ಎಲ್ಲರೂ ವಾಪಸ್: ನಾನು ಫಾರ್ವರ್ಡು, ನಾನೂ ವಾಪಸ್. ಎಲ್ಲರೂ ನಮ್ಮ ಗೋಲಿನ ಮುಂದೆ ನಿಂತು ಬಂದ ಬಾಲನ್ನೆಲ್ಲ ಹೊರಗಟ್ಟುವುದು. ಗೋಲಾಗುವವರೆಗೆ ಎಂಥ ಮಳೆ ಸುರಿದರೂ ಅವರು ಮಡಚಿದ ಕೊಡೆ ಹಿಡಿದು ತೊಪ್ಪೆಯಾಗಿ ನಿಂತಿರುತ್ತಿದ್ದರು; ಗೋಲಾದ ಮೇಲೆ ನೆತ್ತಿ ಸುಡುವ ಬಿಸಿಲಿದ್ದರೂ ಸರಿ, ಮೋಡವಿದ್ದರೂ ಸರಿ, ಬಿಚ್ಚಿದ ಕೊಡೆ ಕೊನೆಯ ಸೀಟಿಯವರೆಗೆ ಮುಚ್ಚುತ್ತಿರಲಿಲ್ಲ. ಸುತ್ತಿನ ಟೀಮುಗಳಿಗೆಲ್ಲ ಇದು ಗೊತ್ತಿತ್ತು. ಒಂದು ಸಲ ನಾವು ಮೂರು ಗೋಲಿನಿಂದ ಗೆದ್ದೆವು. ಒಂದನ್ನು ನಾವು ಹೊಡೆದೆವು. ಉಳಿದೆರಡನ್ನು ಎದುರಿನವರೇ ಗಡಿಬಿಡಿಯಲ್ಲಿ ತಮ್ಮ ಬಲೆಗೆ ಹೊಡೆದುಕೊಂಡರು. ರೈಟ್ರಿಗೆ ಅದು ಸರಿಬರಲಿಲ್ಲ. ಜೀಪಿನಲ್ಲಿ ದಾರಿಯುದ್ದಕ್ಕೂ, "ಅತಿಯಾಯ್ತು," ಎನ್ನುತ್ತಿದ್ದರು.

"ಇನ್ನೊಂದು ಹೊಡೆಯಾನ ಸಾರ್, ಟೈಮ್ ಐತಲ್ಲ," ಎಂದು ಯಾರಾದರೂ ಅಂದರೆ ಅವರ ಉತ್ತರ ಒಂದೇ. "ಕಣದಾಗಿರೋ ಹಣ್ಣು ನಿಂದಲ್ಲ ಕಣಯ್ಯ. ಸ್ಟೋರಿಗೆ ಹೋದ್ಮೇಲೆ ನಿಂದು. ಮೊದ್ಲು ಇರೋದ್ನ ಒಳಕ್ ಹಾಕು."

ಅವರ ಎಚ್ಚರ ಗ್ರೌಂಡಿಗೆ ಮುಗಿಯುತ್ತಿರಲಿಲ್ಲ. ಪಂದ್ಯಕ್ಕೆ ಹೋಗುವಾಗ ರಸ್ತೆಯ ಒಂದು ಕಡಿದಾದ ತಿರುವಿನಲ್ಲಿ ಜೀಪು ನಿಲ್ಲಿಸಿ ನಮ್ಮನ್ನೆಲ್ಲ ಇಳಿಸುತ್ತಿದ್ದರು. ಖಾಲಿ ಜೀಪು ತಿರುವು ದಾಟಬೇಕು, ನಾವು ನಡೆದು ಹೋಗಿ ಮತ್ತೆ ಹತ್ತಬೇಕು. ಎಸ್ಟೇಟಿನಿಂದಲೇ ಕೊಡಪಾನದಲ್ಲಿ ಕಾಯಿಸಿ ಆರಿಸಿದ ನೀರು. ಕಾಲು ಸ್ವಲ್ಪ ಉಳುಕಿದವನನ್ನೂ ಆಡಿಸುತ್ತಿರಲಿಲ್ಲ. ಕೂಲಿ ಲೈನಿನ ಹುಡುಗನೊಬ್ಬ, "ನೋವೇ ಇಲ್ಲ ಸಾರ್," ಎಂದು ಕುಣಿದು ತೋರಿಸಿದರೆ, "ನಾಳೆ ಕೊಂಬೆ ಕಡ್ಯಾಕೆ ಮರ ಹತ್ತೋನು ನೀನೋ ನಾನೋ?" ಎಂದು ಕೂರಿಸುತ್ತಿದ್ದರು. ಆ ಸೊಂಟ ಮುರಿದವನ ನಂತರ ಅವರ ಕೈಕೆಳಗೆ ಒಬ್ಬನ ಮೂಳೆಯೂ ಮುರಿಯಲಿಲ್ಲ. ನಾವು ಯಾವ ಟೂರ್ನಮೆಂಟಿನಲ್ಲೂ ಮೊದಲ ಸುತ್ತಿನಲ್ಲೇ ಸೋತು ಬಂದವರೂ ಅಲ್ಲ. ಕಪ್ಪು ಮಾತ್ರ ಒಂದೂ ಬರಲಿಲ್ಲ.

ನನಗೆ ಕಪ್ಪು ಬೇಕಿತ್ತು. ಸುಳ್ಳೇಕೆ ಹೇಳಲಿ, ಅದೊಂದೇ ಬೇಕಿತ್ತು. ತಾಲ್ಲೂಕು ಕಪ್ಪು ಗೆದ್ದವರಿಗೆ ಹಾಸನದಲ್ಲಿ ಜಿಲ್ಲೆಯ ಟೂರ್ನಮೆಂಟ್ ಆಡುವ ಅವಕಾಶ ಸಿಗುತ್ತಿತ್ತು. ಹದಿನೇಳಕ್ಕೆ ಟೀಮು ಸೇರಿದವನು ಇಪ್ಪತ್ತೇಳಕ್ಕೆ ಬಂದಿದ್ದೆ. ಕಾಲಿನಲ್ಲಿ ಇನ್ನೆಷ್ಟು ವರ್ಷ ಉಳಿದಿದೆ ಎನ್ನುವುದು ಫಾರ್ವರ್ಡ್ ಆಡುವವನಿಗೆ ಬೇರೆಯವರು ಹೇಳಬೇಕಾಗಿಲ್ಲ.

ಆ ವರ್ಷ ನಾಲ್ಕನೇ ಸಲ ಫೈನಲ್ಲಿಗೆ ಬಂದೆವು. ಸಕಲೇಶಪುರದ ದೊಡ್ಡ ಗ್ರೌಂಡು, ಎದುರಿಗೆ ಪೇಟೆಯ ಟೀಮು. ಮೊದಲರ್ಧದಲ್ಲೇ ನಾನು ಒಂದು ಗೋಲು ಹೊಡೆದೆ, ಕೊಡೆ ಬಿಚ್ಚಿತು. ಎರಡನೇ ಅರ್ಧದಲ್ಲಿ, ಇನ್ನೂ ಇಪ್ಪತ್ತೈದು ನಿಮಿಷ ಇರುವಾಗ, ನಡುಗೆರೆಯ ಹತ್ತಿರ ಬಾಲು ನನ್ನ ಕಾಲಿಗೆ ಬಂತು. ಪೇಟೆಯವರೆಲ್ಲ ನಮ್ಮನ್ನು ಮುತ್ತಲು ರೈಟ್ರ ಕಡೆಗೇ ಬಂದಿದ್ದರು. ಎದುರಿನ ಪಕ್ಕ ಗೋಲಿನವರೆಗೂ ಖಾಲಿ. ಹಸು ಕಟ್ಟಿ ಮೇಯಿಸಬಹುದಿತ್ತು, ಅಷ್ಟು ಖಾಲಿ. ನಾನು ತಲೆಯೆತ್ತಿ ಕೊಡೆಯ ಕಡೆ ನೋಡಿದೆ. ಅದು ಬಿಚ್ಚಿಯೇ ಇತ್ತು. ಬಾಲನ್ನು ಹಿಂದಕ್ಕೆ, ನಮ್ಮ ಗೋಲ್‌ಕೀಪರ್ ಧರ್ಮನಿಗೆ ತಳ್ಳಿದೆ. ಕೊನೆಯ ಗಳಿಗೆಯಲ್ಲಿ ಅವರು ಸಮ ಮಾಡಿದರು, ಪೆನಾಲ್ಟಿಯಲ್ಲಿ ಗೆದ್ದರು. ವಾಪಸ್ ಬರುವಾಗ ರೈಟ್ರು ಅದೇ ತಿರುವಿನಲ್ಲಿ ಜೀಪು ನಿಲ್ಲಿಸಿ ನಮ್ಮನ್ನು ಇಳಿಸಿದರು. ಆವತ್ತು ನಾನು ಇಳಿಯಲಿಲ್ಲ.

ಮುಂದಿನ ಭಾನುವಾರ ಎಸ್ಟೇಟಿನ ಕಾಫಿ ಸ್ಟೋರಿನ ಜಗಲಿಯಲ್ಲಿ ಮೀಟಿಂಗು. ನಾನು ಎದ್ದು ನಿಂತೆ. ಮಾತು ಮೊದಲೇ ಜೋಡಿಸಿಕೊಂಡಿದ್ದೆ. "ಸಾರ್, ನಾವು ಸೋಲಬಾರ್ದು ಅಂತ ಆಡ್ತಾ ಇದೀವಿ, ಗೆಲ್ಬೇಕು ಅಂತ ಯಾವತ್ತು ಆಡಿದೀವಿ? ನೀವಿರೋವರ್ಗೂ ಈ ಟೀಮು ಇಲ್ಲೇ ಇರ್ತದೆ. ಹಾಸನ ಕಾಣಲ್ಲ." ರೈಟ್ರು ಗಡಿಯಾರ ನೋಡಿಕೊಂಡರು. "ಎಲ್ರದೂ ಇದೇ ಮಾತಾ?" ಎಂದು ಕೇಳಿದರು. ಕೆಲವರು ನೆಲ ನೋಡಿದರು, ಕೆಲವರು ನನ್ನನ್ನು ನೋಡಿದರು. ಅವರು ಕೊರಳಿನಿಂದ ಸೀಟಿ ತೆಗೆದು, ದಾರವನ್ನು ಅಚ್ಚುಕಟ್ಟಾಗಿ ಸುತ್ತಿ, ಬೆಂಚಿನ ಮೇಲಿಟ್ಟರು. "ಮಳೆ ಬರೋ ಹಂಗೈತೆ, ಬೇಗ್ ಬೇಗ್ನೆ ಮನೆಗೋಗಿ," ಅಂದರು. ಮೋಡವೇ ಇರಲಿಲ್ಲ.

ಹಾಸನದಲ್ಲಿ ಕಾಲೇಜು ಟೀಮಿಗೆ ಆಡಿದ್ದ ಒಬ್ಬರು ಹೊಸ ಕೋಚ್ ಆಗಿ ಬಂದರು. ಒಳ್ಳೆಯವರು, ತಿಳಿದವರು. ನಾಲ್ಕು ತಿಂಗಳು ನಮ್ಮ ಮೇಲೆ ಬೆವರು ಸುರಿಸಿದರು. ಸುಣ್ಣದಲ್ಲಿ ಗೆರೆ ಎಳೆದರು, ಕಣಿವೆಯ ಕಡೆ ಬಲೆ ಕಟ್ಟಿಸಿದರು, "ಅರ್ಧ ಗ್ರೌಂಡ್ ಯಾರಿಗೆ ಬಿಟ್ಕೊಡ್ತಾ ಇದೀರ್ರೋ?" ಎಂದು ಗಂಟಲು ಹರಿದುಕೊಂಡರು. ಪ್ರಾಕ್ಟೀಸಿನಲ್ಲಿ ಹೇಳಿದಂತೆ ಆಡುತ್ತಿದ್ದೆವು. ಪಂದ್ಯ ಶುರುವಾಗುತ್ತಲೇ ದನ ಕೊಟ್ಟಿಗೆಗೆ ಬರುವ ಹಾಗೆ ನಮ್ಮ ಬೆಂಚಿನ ಪಕ್ಕಕ್ಕೇ ಬಂದು ಸೇರುತ್ತಿದ್ದೆವು. ಮುಂದಿನ ಟೂರ್ನಮೆಂಟಿನಲ್ಲಿ ಹಾಗೂ ಹೀಗೂ ಮತ್ತೆ ಫೈನಲ್ಲಿಗೆ ಬಂದೆವು. ಅದೇ ಗ್ರೌಂಡು, ಅದೇ ಪೇಟೆಯ ಟೀಮು.

ಆವತ್ತು ರೈಟ್ರು ಬಂದಿದ್ದರು. ಜನವೆಲ್ಲ ಮರದ ನೆರಳಿದ್ದ ನಮ್ಮ ಪಕ್ಕದಲ್ಲಿದ್ದರೆ ಅವರು ಮಾತ್ರ ಎದುರಿನ ಪಕ್ಕದಲ್ಲಿ, ಸುಡುವ ಬಿಸಿಲಿನಲ್ಲಿ ಒಬ್ಬರೇ ನಿಂತಿದ್ದರು. ಕೊಡೆ ಮಡಚಿ ಕಂಕುಳಲ್ಲಿತ್ತು. "ನೋಡೋ, ನಮ್ ಹತ್ರ ಬರಾಕೂ ಮನ್ಸಿಲ್ಲ," ಎಂದ ಧರ್ಮ. "ಮುನಿಸು, ಬಿಡೋ ಮಾರಾಯ," ಎಂದೆ ನಾನು. ಅಷ್ಟಕ್ಕೇ ಮರೆತೆ. ಆಟದ ಬಿಸಿಯಲ್ಲಿ ಯಾರು ಎಲ್ಲಿ ನಿಂತರೆ ನನಗೇನು.

ಎರಡನೇ ಅರ್ಧದಲ್ಲಿ ನಡುಗೆರೆಯ ಹತ್ತಿರ ಬಾಲು ಮತ್ತೆ ನನಗೆ ಬಂತು. ಎದುರಿನ ಪಕ್ಕ ಖಾಲಿ. ಈ ಸಲ ನಾನು ತಲೆಯೆತ್ತಿ ಯಾರನ್ನೂ ನೋಡಲಿಲ್ಲ. ಕಾಲು ತಾನಾಗಿಯೇ ಆ ಕಡೆ ಹೊರಳಿತು. ಗೆರೆಯ ಪಕ್ಕದಲ್ಲೇ ಓಡಿದೆ. ರೈಟ್ರ ಚಪ್ಪಲಿಯೂ ಖಾಕಿಯೂ ಪಕ್ಕದಲ್ಲಿ ಹಾದುಹೋದದ್ದು ಗೊತ್ತಾಯಿತು. ಗೋಲು. ಅದಾದ ಮೇಲೆ ನಾವು ವಾಪಸ್ ಓಡಿ ಬರಲಿಲ್ಲ. ಮತ್ತೆ ಮತ್ತೆ ಅದೇ ಪಕ್ಕದಿಂದ ನುಗ್ಗಿದೆವು, ಇನ್ನೊಂದು ಗೋಲು ಹೊಡೆದೆವು. ಎರಡು ಸೊನ್ನೆ. ಕಪ್ಪು ಹೊತ್ತು ಕುಣಿಯುವಾಗ ತಿರುಗಿ ನೋಡಿದರೆ ಆ ಪಕ್ಕದಲ್ಲಿ ಅವರಿರಲಿಲ್ಲ.

ಹಾಸನಕ್ಕೆ ಹೋದೆವು. ಮೊದಲ ಪಂದ್ಯದಲ್ಲಿ ಐದು ಗೋಲು ಹಾಕಿಸಿಕೊಂಡು ವಾಪಸ್ ಬಂದೆವು. ಈ ಭಾಗವನ್ನು ನಾನು ಯಾರಿಗೂ ಹೇಳುವುದಿಲ್ಲ. ಹೇಳುವುದು ಆ ಗೋಲಿನ ಕತೆ ಮಾತ್ರ. ಇಪ್ಪತ್ತೆರಡು ವರ್ಷ ಹೆದರಿಸಿ ಇಟ್ಟಿದ್ದ ಮನುಷ್ಯ ಪಕ್ಕಕ್ಕೆ ಸರಿದ, ನಮ್ಮ ಕಾಲಿನ ಹಗ್ಗ ಬಿಚ್ಚಿತು, ಗೆದ್ದೆವು. ಅಂಗಡಿಯಲ್ಲಿ ಆ ದಿನದ ಫೋಟೋ ತೂಗುಹಾಕಿದ್ದೇನೆ, ಯಾರಾದರೂ ಅದರ ಕಡೆ ನೋಡಿದರೆ ಸಾಕು, ಶುರು ಮಾಡುತ್ತೇನೆ.

ಒಂದು ಸಲ ಅವರ ಮುಂದೆಯೇ ಹೇಳಿದ್ದೆ. ಎಸ್ಟೇಟ್ ಬಿಟ್ಟು ಹಾನುಬಾಳಿನ ಹತ್ತಿರ ಸಣ್ಣ ಮನೆ ಮಾಡಿಕೊಂಡ ಮೇಲೂ, ಅಂಗಳದಲ್ಲಿ ಹರಡುವ ನಾಲ್ಕು ಬುಟ್ಟಿ ಕಾಫಿಗಾಗಿ ಪ್ರತಿ ವರ್ಷ ಟಾರ್ಪಾಲು ಕೊಳ್ಳಲು ಬರುತ್ತಿದ್ದರು. ಹಳೆಯದು ಚೆನ್ನಾಗಿಯೇ ಇರುತ್ತಿತ್ತು. ಬಂದವರು ಟಾರ್ಪಾಲನ್ನು ರಸ್ತೆಗೆ ಒಯ್ದು, ಎರಡೂ ಕೈಯಲ್ಲಿ ಸೂರ್ಯನಿಗೆ ಅಡ್ಡ ಹಿಡಿದು, ಇಂಚಿಂಚಾಗಿ ಸರಿಸುತ್ತ ತೂತು ಹುಡುಕುತ್ತಿದ್ದರು. ಅವತ್ತು ಯಾರೋ ಗಿರಾಕಿ ಫೋಟೋ ನೋಡಿದ. ರೈಟ್ರು ಬಾಗಿಲಲ್ಲೇ ಇದ್ದಾರೆ ಅಂತ ಗೊತ್ತಿದ್ದೂ ನಾನು ಕತೆ ಶುರು ಮಾಡಿದೆ. ಗೊತ್ತಿದ್ದದ್ದರಿಂದಲೇ ಇರಬೇಕು, ಸ್ವಲ್ಪ ಜೋರಾಗಿಯೇ ಹೇಳಿದೆ. "ಇವ್ರು ಬಿಟ್ ಮೇಲೇನೆ ಗೆದ್ದಿದ್ದು ನೋಡಿ," ಎಂದು ಕೈ ತೋರಿಸಿದೆ ಕೂಡ. ಟಾರ್ಪಾಲಿನ ಹಿಂದಿನಿಂದ ಅವರ ದನಿ ಬಂತು. "ಶಿವು, ಇಲ್ಲೊಂದ್ ತೂತೈತೆ ನೋಡು."

ನಿಜವಾಗಿಯೂ ಇತ್ತು. ಬೇರೆ ಕತ್ತರಿಸಿ ಕೊಟ್ಟೆ.

ರೈಟ್ರ ಮಣ್ಣಿಗೆ ಹೋದೆ. ಹಳೆಯ ಟೀಮಿನವರು ಏಳೆಂಟು ಜನ ಬಂದಿದ್ದರು. ಧರ್ಮ ಈಗ ಜೀಪು ಓಡಿಸುತ್ತಾನೆ. ಅಷ್ಟು ದೊಡ್ಡ ಆಳು ಹೆಗಲು ಕುಲುಕಿಸಿ ಅತ್ತ. ನಾನು ಹಿಡಿ ಮಣ್ಣು ಹಾಕಿ, ಕೈ ತೊಳೆದುಕೊಂಡು, ಅಂಗಡಿಗೆ ಬಂದು ಬಾಗಿಲು ತೆಗೆದೆ. ಮನೆಯಲ್ಲಿ ಹೆಂಡತಿ, "ಏನೂ ಅನ್ಸಲಿಲ್ವಾ?" ಎಂದು ಕೇಳಿದಳು. ಇಲ್ಲ ಎಂದೆ. ಮರಗಟ್ಟಿದ ಕೈಯನ್ನು ಮುಟ್ಟಿ ನೋಡಿಕೊಂಡರೆ ಬೇರೆಯವರ ಕೈ ಅನ್ನಿಸುತ್ತದಲ್ಲ, ಹಾಗಿತ್ತು.

ಮೂರನೇ ದಿನ ಹಾಲುತುಪ್ಪಕ್ಕೆ ಧರ್ಮನೇ ಕರೆದುಕೊಂಡು ಹೋದ. ಎಲ್ಲ ಮುಗಿದ ಮೇಲೆ ರೈಟ್ರ ಹೆಂಡತಿ ಜಗಲಿಯಲ್ಲಿ ನಮಗಿಬ್ಬರಿಗೂ ಕಾಫಿ ಕೊಟ್ಟರು. ಬಾಗಿಲ ಪಕ್ಕದ ಮೊಳೆಯಲ್ಲಿ ಆ ಕೊಡೆ ನೇತಾಡುತ್ತಿತ್ತು. ಏನಾದರೂ ಮಾತಾಡಬೇಕಲ್ಲ ಎಂದು ಧರ್ಮ, "ಅಮ್ಮಾ, ಆ ಕೊಡೆ ಕಂಡ್ರೆ ಈಗ್ಲೂ ವಾಪಸ್ ಓಡಂಗಾಯ್ತದೆ," ಎಂದ.

ಅವರು ಸ್ವಲ್ಪ ನಕ್ಕರು. "ಅದ್ನೇ ಅವ್ರೂ ಅಂದಿದ್ರು ಕಣಪ್ಪ. ನೀವು ಕಪ್ ಗೆದ್ರಲ್ಲ, ಆವತ್ತು. ನನ್ ಕನ್ನಡ್ಕ ಮಾಡ್ಸಾಕೆ ಅಂತ ಪ್ಯಾಟೆಗೆ ಕರ್ಕಂಡ್ ಹೋಗಿದ್ರು. ಕನ್ನಡ್ಕನೂ ಇಲ್ಲ, ಏನೂ ಇಲ್ಲ, ಸೀದಾ ಗ್ರೌಂಡಿಗೆ. ನನ್ನ ಮರದ್ ಕೆಳಗೆ ಕೂರ್ಸಿ ತಾವು ಆ ಕಡೀಗ್ ಹೊಂಟ್ರು. ಯಾಕ್ರೀ, ಅಲ್ಲಿ ಬಿಸ್ಲು, ಇಲ್ಲೇ ನೆಳ್ಳಾಗ್ ನಿಂತ್ಕಳ್ರಿ ಅಂದೆ. ಇಲ್ಲ ಕಣೆ, ನಾನ್ ಎಲ್ಲಿ ನಿಂತ್ರೆ ಅಲ್ಲಿಗೇ ಬತ್ತಾರೆ ಆ ಹುಡುಗ್ರು, ಇವತ್ತು ಅವ್ರು ಆ ಕಡೆ ಹೋಗ್ಬೇಕು ಅಂದ್ರು."

ಧರ್ಮ ಲೋಟ ಕೆಳಗಿಟ್ಟ. ನಾನು ಹಿಡಿದೇ ಇದ್ದೆ.

"ಹೋಗ್ಲಿ, ಕೊಡೆನಾದ್ರೂ ಬಿಚ್ಕಳಿ, ತಲೆ ಸುಡ್ತದೆ ಅಂದೆ. ಬಿಚ್ಚಿದ್ರೆ ಎಲ್ಲ ವಾಪಸ್ ಓಡ್ ಬತ್ತಾರೆ ಅಂದ್ರು. ಆಟ ಮುಗಿಯೋವರ್ಗೂ ಬಿಸ್ಲಾಗೆ ನಿಂತಿದ್ರು. ಆವತ್ತು ಸಂಜೆಗೇ ಜ್ವರ ಬಂತು, ಮೂರ್ ದಿನ ಮಲ್ಗಿದ್ರು." ಅವರು ನನ್ನ ಕಡೆ ತಿರುಗಿದರು. "ನಿಮ್ಗೆ ಹೇಳಿರ್ಲಿಲ್ವೇನಪ್ಪ? ನಿನ್ ಅಂಗಡೀಗೆ ಬತ್ತಾನೇ ಇದ್ರಲ್ಲ."

"ಇಲ್ಲಮ್ಮ," ಎಂದೆ. "ಹೇಳ್ಳಿಲ್ಲ." ಕಾಫಿ ತಣ್ಣಗಾಗಿತ್ತು, ಆದರೂ ಕುಡಿದೆ. ರೈಟ್ರು ನಮ್ಮನ್ನು ಹಿಡಿದಿಟ್ಟಿದ್ದರೋ ಇಲ್ಲವೋ, ಆರು ವರ್ಷ ನನ್ನ ಹತ್ತಿರ ಅದಕ್ಕೆ ಉತ್ತರವಿತ್ತು. ಹಿಡಿದಿಟ್ಟಿದ್ದರು, ಅದರಲ್ಲಿ ಈಗಲೂ ಅನುಮಾನವಿಲ್ಲ. ಅದು ಅವರಿಗೂ ಗೊತ್ತಿತ್ತು ಎನ್ನುವುದು ನನಗೆ ಗೊತ್ತಿರಲಿಲ್ಲ.

ಹೊರಡುವ ಹೊತ್ತಿಗೆ ಹನಿ ಶುರುವಾಗಿತ್ತು. ಜೀಪು ಕೆಳಗೆ ರಸ್ತೆಯಲ್ಲಿತ್ತು. ಅಮ್ಮ ಮೊಳೆಯಿಂದ ಕೊಡೆ ತೆಗೆದು ನನ್ನ ಕೈಗಿಟ್ಟು, "ತಗಂಡ್ ಹೋಗು ಶಿವು, ಇನ್ನ್ ಇಲ್ಲಿ ಯಾರು ಹಿಡೀತಾರೆ," ಅಂದರು. ಮರದ ಹಿಡಿ ರೈಟ್ರ ಕೈಯ ಹಿಡಿತಕ್ಕೆ ನುಣುಪಾಗಿ ಸವೆದಿತ್ತು. ಅಂಗಳ ದಾಟುವಷ್ಟರಲ್ಲಿ ಮಳೆ ಜೋರಾಯಿತು. ಅಕ್ಕಪಕ್ಕದ ಮನೆಯವರೆಲ್ಲ ಕಾಫಿ ಮುಚ್ಚಲು ಟಾರ್ಪಾಲು ಎಳೆದುಕೊಂಡು ಓಡುತ್ತಿದ್ದರು.

"ಬಿಚ್ಚೋ ಮಾರಾಯ, ಕೈಯಾಗ್ ಇಟ್ಕಂಡು ನೆನೀತೀಯಲ್ಲ," ಎಂದು ಧರ್ಮ ಮುಂದೆ ಓಡುತ್ತ ಕೂಗಿದ.

ನಾನು ಕೊಡೆಯನ್ನು ಮಡಚಿದಂತೆಯೇ ಕಂಕುಳಲ್ಲಿ ಇಟ್ಟುಕೊಂಡು ರಸ್ತೆಯವರೆಗೂ ನಡೆದೆ.